ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಮನೋಸ್ಥೈರ್ಯ
ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಮಹಿಳೆ ಭಯ, ದುಃಖ, ದೇಹದ ಬಗೆಗಿನ ಸಂಕೋಚಗಳ ನಡುವೆಯೂ ದಿನನಿತ್ಯದ ಬದುಕಿಗೆ ಮರಳುವ ಶಕ್ತಿಯೇ ಮನೋಸ್ಥೈರ್ಯ. ಇದನ್ನು ಹುಟ್ಟುಗುಣವೆಂದು ಬಗೆದು, ‘ಧೈರ್ಯ ತಂದ್ಕೊಳಮ್ಮ’ ಎಂದು ಕೈತೊಳೆದುಕೊಳ್ಳುವುದು ರೂಢಿ. ಹಾಂಗ್‌ಕಾಂಗ್‌ನ 285 ರೋಗಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯ ಮಾನಸಿಕ ಯಾತನೆ ಮೊದಲಿನಿಂದಲೂ ಕಡಿಮೆಯೇ ಇತ್ತು. ಆಶಾವಾದಿ ಸ್ವಭಾವಕ್ಕೆ ಅದರಲ್ಲಿ ಪಾತ್ರವಿತ್ತು, ನಿಜ. ಆದರೆ ಯಾತನೆ ಇಳಿಯದೆ ಉಳಿದವರಲ್ಲಿ ದೈಹಿಕ ತೊಂದರೆಗಳೂ ಹೆಚ್ಚಾಗಿದ್ದವು. ಸ್ಥೈರ್ಯಕ್ಕೆ ಮನಸ್ಸಿನಷ್ಟೇ ಮೈಯೂ ಪರಿಸ್ಥಿತಿಯೂ ಕಾರಣ ಎಂಬುದು ಇದರಿಂದ ಹೊರಡುವ ತೀರ್ಮಾನ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಚಿಂತಾಮಣಿಯ ಟೊಮೆಟೊ ತೋಟ, ಎಲ್ಲವೂ ಕೈಯ ಕೆಲಸ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ತೋಳು ಬಾತುಕೊಂಡರೆ, ಭುಜ ಬಿಗಿದುಕೊಂಡರೆ ಹೋಗುವುದು ಸೌಂದರ್ಯವಲ್ಲ, ಕೂಲಿ. ತೋಳಿನ ವ್ಯಾಯಾಮವನ್ನು ಸರಿಯಾಗಿ ಕಲಿಸುವುದು ಇಲ್ಲಿ ಮನಸ್ಸಿಗೂ ಚಿಕಿತ್ಸೆ. ಅನೇಕರಿಗೆ ವಿಕಿರಣ ಚಿಕಿತ್ಸೆಯೂ ಬೇಕು. ವಾರಕ್ಕೆ ಐದು ದಿನದಂತೆ ಹಲವು ವಾರ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಅಲೆಯುವವಳಿಗೆ ಜೊತೆಗೆ ಬರುವವರ ಕೂಲಿ ನಷ್ಟ, ಮನೆಯ ಮಕ್ಕಳ ಚಿಂತೆ ಇವೆಲ್ಲ ಸೇರಿಯೇ ಯಾತನೆ.

ಮನೋಬಲವಿದ್ದರೆ ರೋಗವೇ ಸೋಲುತ್ತದೆ, ಆದ್ದರಿಂದ ಹೋರಾಟದ ಮನೋಭಾವವನ್ನೇ ಬೆಳೆಸಬೇಕು ಎಂದು ವಾದಿಸುವವರಿದ್ದಾರೆ. ಬ್ರಿಟನ್ನಿನ 578 ಮಹಿಳೆಯರನ್ನು ಕುರಿತು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಆಧಾರ ಕೊಡಲಿಲ್ಲ. ತೀವ್ರ ಹತಾಶೆಯಿದ್ದವರಲ್ಲಿ ಮಾತ್ರ ರೋಗ ಮರುಕಳಿಸುವುದು ತುಸು ಹೆಚ್ಚು ಕಂಡಿತು. ಹಾಗಾದರೆ ಮಾಡಬೇಕಾದದ್ದು ಹತಾಶೆಯನ್ನು ಗುರುತಿಸಿ ಚಿಕಿತ್ಸೆ ಕೊಡುವುದೇ ಹೊರತು ಎಲ್ಲರಿಂದಲೂ ಶೌರ್ಯ ಬಯಸುವುದಲ್ಲ. ರೋಗ ಮರಳಿದವಳಿಗೆ ‘ನೀನೇ ಧೈರ್ಯಗೆಟ್ಟೆ’ ಎಂಬ ಅಪವಾದವನ್ನು ಹೊರಿಸುವುದಂತೂ ಕ್ರೌರ್ಯ.

ಔಷಧಿಗೇ ಹಣ ಸಾಲದ ಕಡೆ ಆಪ್ತಸಮಾಲೋಚನೆ ದುಬಾರಿಯ ಮಾತಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಆದರೆ ಗಾಯದ ಆರೈಕೆ, ತೋಳಿನ ವ್ಯಾಯಾಮ, ‘ನಿದ್ದೆ ಬರುತ್ತಾ, ಊಟ ಸೇರುತ್ತಾ’ ಎಂಬ ವಿಚಾರಣೆಗೆ ಮಹಾನಗರದ ಯಂತ್ರಗಳು ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳೂ 2023ರಲ್ಲಿ ಮುದ್ದೇನಹಳ್ಳಿಯಲ್ಲಿ ಉದ್ಘಾಟನೆಯಾದ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳೂ ಮಾಡಬಹುದಾದ ಕೆಲಸವಿದು. ಗ್ರಾಮೀಣ ಮಾನಸಿಕ ಆರೋಗ್ಯ ಸೇವೆಯ ಮಾದರಿ ರೂಪುಗೊಂಡದ್ದೂ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ. ಮಾನಸಿಕ ನೆರವಿಗೆಂದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.