ಹಂಪಿಯ ಇಬ್ಬರು ಅಲ್ಲಮರು

ಅಲ್ಲಮಪ್ರಭುವಿನ ಬದುಕನ್ನು ಕಾವ್ಯಕ್ಕೆ ತಂದ ಇಬ್ಬರು ದೊಡ್ಡ ಕವಿಗಳಿಗೂ ಹಂಪಿಯ ನಂಟಿದೆ. ಒಬ್ಬ ಹರಿಹರ, 12ನೇ ಶತಮಾನದ ಕೊನೆ ಮತ್ತು 13ನೇ ಶತಮಾನದ ಆರಂಭದವನು. ಇನ್ನೊಬ್ಬ ಚಾಮರಸ, ಪ್ರೌಢದೇವರಾಯನ (1424–1446) ಕಾಲದವನು. ನಡುವೆ ಸುಮಾರು ಇನ್ನೂರು ವರ್ಷಗಳ ಅಂತರ. ಹರಿಹರನ ಅಲ್ಲಮ ಒಲಿದು, ಒಲಿದವಳನ್ನು ಕಳೆದುಕೊಂಡು, ದಿಕ್ಕೆಟ್ಟು ಅಲೆದು ಬೇರೆಯೇ ಮನುಷ್ಯನಾಗುತ್ತಾನೆ. ಚಾಮರಸನ ಅಲ್ಲಮನಿಗೆ ಬದಲಾಗುವ ಪ್ರಮೇಯವೇ ಬರುವುದಿಲ್ಲ. ಒಂದೇ ಊರಿನ ಪರಂಪರೆ ಒಬ್ಬನೇ ಶರಣನ ಕಥೆಯಿಂದ ಪರಿವರ್ತನೆಯನ್ನೇ ತೆಗೆದುಹಾಕಿದ್ದು ಯಾಕೆ ಎಂಬುದು ಇಲ್ಲಿನ ವಿಚಾರ.

ಹರಿಹರನ ಕಾಲಕ್ಕೆ ಹಂಪಿ ರಾಜಧಾನಿಯಲ್ಲ. ಪಂಪಾಂಬಿಕೆ, ವಿರೂಪಾಕ್ಷರ ಕ್ಷೇತ್ರ, ಅಷ್ಟೆ. ಅವನು ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದನೆಂದೂ ಅರಸನ ಲೆಕ್ಕ ಬರೆಯುವ ಕೆಲಸ ಬಿಟ್ಟು ವಿರೂಪಾಕ್ಷನ ಬಳಿಗೆ ಬಂದನೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಹಂಪಿಯ ಗುಡಿಯ ಪರದೆಗೆ ಬೆಂಕಿ ಹತ್ತಿದ್ದನ್ನು ದೋರಸಮುದ್ರದಲ್ಲಿ ಕೂತೇ ಕಂಡು, ಕೈಯಲ್ಲಿದ್ದ ಕಡತವನ್ನು ಉಜ್ಜಿ ಆರಿಸಿದನೆಂಬ ಪವಾಡ ಎಲ್ಲರಿಗೂ ಗೊತ್ತು. ಪವಾಡ ನಂಬುವವರಿಗೆ ಬಿಟ್ಟದ್ದು. ಆದರೆ ಲೆಕ್ಕದ ಚಾವಡಿಯ ಪರಿಚಯ ಹರಿಹರನಿಗೆ ಚೆನ್ನಾಗಿಯೇ ಇತ್ತೆಂಬುದಕ್ಕೆ ‘ಬಸವರಾಜದೇವರ ರಗಳೆ’ಯನ್ನು ನೋಡಿದರೆ ಸಾಕು. ಜನಿವಾರ ಹರಿದೊಗೆದು ಬಾಗೇವಾಡಿ ಬಿಟ್ಟ ಬಸವ ಕೂಡಲಸಂಗಮಕ್ಕೆ ಹೋಗುತ್ತಾನೆ. ಅಲ್ಲಿಂದ ಕದಲಲು ಅವನಿಗೆ ಮನಸ್ಸಿಲ್ಲ. ದೇವರೇ ಮಂಗಳವಾಡಕ್ಕೆ ಹೋಗು ಅನ್ನಬೇಕಾಗುತ್ತದೆ. ಮಂಗಳವಾಡದಲ್ಲಿ ಕರಣಿಕರ ನಡುವೆ ಕೂತು, ಅವರ ಲೆಕ್ಕದಲ್ಲಿನ ತಪ್ಪನ್ನು ತೋರಿಸಿಯೇ ಅವನಿಗೆ ಕೆಲಸ ಸಿಗುವುದು. ಚಾವಡಿ ಬಿಟ್ಟು ಬಂದ ಕವಿ ತನ್ನ ನಾಯಕನನ್ನು ಚಾವಡಿಗೇ ಕಳಿಸುತ್ತಾನೆ. ಹರಿಹರನ ಕಣ್ಣಿಗೆ ವೈರಾಗ್ಯವೆಂದರೆ ಊರು ಬಿಡುವುದಷ್ಟೇ ಅಲ್ಲ.

ಅವನ ಅಂತಃಕರಣ ಪೂರ್ತಿ ಕಾಣುವುದು ‘ಪ್ರಭುದೇವರ ರಗಳೆ’ಯಲ್ಲಿ. ಬಳ್ಳಿಗಾವೆಯ ಅಲ್ಲಮ ಮದ್ದಳೆಗಾರ. ಕಮಲತೆಯೆಂಬ ಚೆಲುವೆಗೆ ಮನಸೋಲುತ್ತಾನೆ, ಅವಳೂ ಒಲಿಯುತ್ತಾಳೆ. ಈ ಸುಖವನ್ನು ಹರಿಹರ ಅವಸರದಲ್ಲಿ ಮುಗಿಸುವುದಿಲ್ಲ. ಮುಂದೆ ಬರುವ ವೈರಾಗ್ಯಕ್ಕಾಗಿ ಅದನ್ನು ಹೀನಗೊಳಿಸುವುದೂ ಇಲ್ಲ. ಅವಳು ಜ್ವರ ಬಂದು ಸಾಯುತ್ತಾಳೆ. ಅವಳನ್ನು ಕೊಂದದ್ದು ಅಲ್ಲಮನ ಪಾಪವೆಂದೋ ಮಾಯೆಯ ಕಾಟವೆಂದೋ ಕವಿ ತೀರ್ಪು ಕೊಡಲು ಹೋಗುವುದಿಲ್ಲ. ಅಲ್ಲಮ ಮರುಳನಂತೆ ತಿರುಗುತ್ತಾನೆ. ತೋಟವೊಂದರಲ್ಲಿ ಸುಮ್ಮನೆ ಕೂತು ಉಗುರಿನಿಂದ ನೆಲ ಕೆರೆಯುತ್ತಿರುವಾಗ ಮಣ್ಣಿನೊಳಗೆ ಹೊನ್ನಿನ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಹೂತುಹೋದ ಗುಡಿ. ಒಳಗೆ ಅನಿಮಿಷನೆಂಬ ಯೋಗಿ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕೂತಿದ್ದಾನೆ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಆ ಕೆರೆತ. ಅಲ್ಲಮ ಗುರುವನ್ನು ಹುಡುಕಿಕೊಂಡು ಹೊರಟವನಲ್ಲ, ಶಾಸ್ತ್ರ ಓದಿದವನಲ್ಲ. ಅವನ ಉಗುರಿಗೆ ಉದ್ದೇಶವೇ ಇರಲಿಲ್ಲ. ದುಃಖದಲ್ಲಿದ್ದವರು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಕನ್ನಡ ಕಾವ್ಯದಲ್ಲಿ ಸಾಧಕನ ತಿರುವನ್ನು ಇಷ್ಟು ಸಣ್ಣ ಚಲನೆಯಲ್ಲಿ ಹಿಡಿದದ್ದು ಅಪರೂಪ.

ಹರಿಹರನೂ ಕೈಲಾಸದಿಂದಲೇ ಕಥೆ ಶುರುಮಾಡುತ್ತಾನಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ನಿಜ. ಅವನ ಅಲ್ಲಮನೂ ಶಾಪ ಹೊತ್ತು ಭೂಮಿಗೆ ಬಂದ ಶಿವಗಣನೇ. ಆದರೆ ಭೂಮಿಗೆ ಇಳಿದ ಮೇಲೆ ಅವನ ನೆರವಿಗೆ ಕೈಲಾಸದ ನೆನಪನ್ನು ಕವಿ ಕಳಿಸುವುದಿಲ್ಲ. ಚೌಕಟ್ಟು ಪುರಾಣದ್ದು, ನೋವು ಮನುಷ್ಯನದು.

1336ರ ಸುಮಾರಿಗೆ ಹಂಪಿಯ ಸುತ್ತ ವಿಜಯನಗರ ತಲೆಯೆತ್ತಿತು. ಪ್ರೌಢದೇವರಾಯನ ಕಾಲಕ್ಕೆ ಅಲ್ಲಿ ದಂಡನಾಯಕ ಲಕ್ಕಣ್ಣ ‘ಶಿವತತ್ತ್ವ ಚಿಂತಾಮಣಿ’ ಬರೆದ, ಜಕ್ಕಣಾರ್ಯ ವಚನಗಳನ್ನು ಸ್ಥಲಗಳಿಗೆ ಹೊಂದಿಸಿದ. ನೂರೊಂದು ವಿರಕ್ತರ ಹೆಸರನ್ನು ಪರಂಪರೆ ಈ ಕಾಲಕ್ಕೇ ಜೋಡಿಸುತ್ತದೆ. ಆಸ್ಥಾನದಲ್ಲಿ ಶೈವ, ವೈಷ್ಣವ ವಾದಗಳು ನಡೆಯುತ್ತಿದ್ದವೆಂದೂ ಅದು ನೆನೆಯುತ್ತದೆ. ಚಾಮರಸ ‘ಪ್ರಭುಲಿಂಗಲೀಲೆ’ಯನ್ನು ಬರೆದದ್ದು ಇಂಥ ವಾತಾವರಣದಲ್ಲಿ. ಭಾಮಿನೀ ಷಟ್ಪದಿ, 25 ಗತಿ, 1111 ಪದ್ಯ.

ಚಾಮರಸನಲ್ಲಿ ಪಾತ್ರಗಳ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತವೆ. ಅಲ್ಲಮನ ತಂದೆತಾಯಿ ನಿರಹಂಕಾರ, ಸುಜ್ಞಾನಿ. ಬನವಸೆಯ ಅರಸ ಮಮಕಾರ, ಅವನ ಅರಸಿ ಮೋಹಿನಿ, ಮಗಳು ಮಾಯೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಸೋಲುವವಳು ಅವಳು. ಕಮಲತೆಯೆಂಬ ಹೆಣ್ಣು ಇದ್ದ ಜಾಗದಲ್ಲಿ ಈಗ ಒಂದು ತತ್ತ್ವವಿದೆ. ತತ್ತ್ವಕ್ಕೆ ಜ್ವರ ಬರುವುದಿಲ್ಲ, ಆದ್ದರಿಂದ ಅಳುವ ಕಾರಣವೂ ಇಲ್ಲ. ಶೋಕವೇನಿದ್ದರೂ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ಪಾಲಿಗೆ. ಅಲ್ಲಮ ಅಲ್ಲಿಗೆ ಬರುವುದು ಅದನ್ನು ಕಳೆಯುವ ಗುರುವಾಗಿ. ಸೊನ್ನಲಿಗೆಯ ಸಿದ್ಧರಾಮ ಬದಲಾಗುತ್ತಾನೆ, ವಜ್ರಕಾಯದ ಗೋರಕ್ಷ ಬದಲಾಗುತ್ತಾನೆ, ಬಸವಣ್ಣನಿಗೂ ಪಾಠವಾಗುತ್ತದೆ. ಬದಲಿಸುವವನು ಮಾತ್ರ ಇದ್ದಂತೆಯೇ ಇರುತ್ತಾನೆ.

ಇದನ್ನು ಚಾಮರಸನ ಕಾವ್ಯಶಕ್ತಿಯ ಕೊರತೆ ಎನ್ನುವಂತಿಲ್ಲ. ಬನವಸೆಯ ಆ ನೃತ್ಯದ ಭಾಗ ಓದಿದವರಾರೂ ಹಾಗೆನ್ನಲಾರರು. ಕಾರಣ ಬೇರೆ ಎಂದು ನನ್ನ ಎಣಿಕೆ. ವಾದಸಭೆಯಲ್ಲಿ ನಿಲ್ಲಬೇಕಾದ ಮತಕ್ಕೆ ಮೂಲಪುರುಷ ಎಂದೂ ಎಡವಿರಬಾರದು. ಒಲಿದವಳು ಸತ್ತ ದುಃಖದಿಂದ ಶರಣನಾದನೆಂದರೆ, ಅವಳು ಬದುಕಿದ್ದರೆ ಏನು ಗತಿ ಎಂದು ಎದುರಾಳಿ ಕೇಳಿಯಾನು. ಕ್ಷೇತ್ರದ ಕವಿಗೆ ಈ ಭಯವಿರಲಿಲ್ಲ, ರಾಜಧಾನಿಯ ಕವಿಗೆ ಇತ್ತು. ಕಂಪ್ಲಿಯ ಕುಮಾರರಾಮನ ಕಥೆ ಕಾವ್ಯವಾದದ್ದೂ ಹೀಗೆಯೇ. ನಂಜುಂಡ ಕವಿಯ ಸಾಂಗತ್ಯದಲ್ಲಿ ಮಲತಾಯಿ ರತ್ನಾಜಿಯ ಮೋಹಕ್ಕೆ ಕದಲದ ‘ಪರನಾರೀಸಹೋದರ’ನಾಗಿ ಅವನು ನಿಲ್ಲುತ್ತಾನೆ. ಅಲುಗದವನೇ ಆದರ್ಶ.

ಹಾಗಾದರೆ ಬದಲಾಗುವ ಮನುಷ್ಯ ಹಂಪಿಯಿಂದ ಕಾಲ್ತೆಗೆದನೆ? ಇಲ್ಲ, 16ನೇ ಶತಮಾನದಲ್ಲಿ ಅವನು ದಾಸರ ರೂಪದಲ್ಲಿ ಬಂದ. ‘ನವಕೋಟಿ ನಾರಾಯಣ’ ಶ್ರೀನಿವಾಸ ನಾಯಕ ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ವ್ಯಾಸರಾಯರಿಂದ ದೀಕ್ಷೆ ಪಡೆದು ಪುರಂದರದಾಸನಾದ ಕಥೆ ಹರಿಕಥೆ, ಸಿನಿಮಾಗಳಿಂದ ಮನೆಮಾತಾಗಿದೆ. ಆದರೆ ಅವರ ಆತ್ಮಕಥನವೆಂದು ಓದಲಾಗುವ ಕೀರ್ತನೆಯಲ್ಲಿ ಮೂಗುತಿಯ ಸುಳಿವೇ ಇಲ್ಲ. ಆ ಪ್ರಸಂಗದ ಬಡ ಬ್ರಾಹ್ಮಣನಿಲ್ಲ, ವಿಷದ ಬಟ್ಟಲಿಲ್ಲ. ಇರುವುದು ನಾಚಿಕೆ. ಬೆತ್ತ ಹಿಡಿಯಲು ನಾಚಿಕೆ, ತುಳಸಿಮಾಲೆ ಹಾಕಿಕೊಳ್ಳಲು ನಾಚಿಕೆ, ಗೋಪಾಳ ಬುಟ್ಟಿ ಹಿಡಿಯಲು ಅಡ್ಡ ಬರುವ ಸಿರಿವಂತಿಕೆಯ ಗರ್ವ. ಜೊತೆಗೆ, ಇದನ್ನೆಲ್ಲ ಬಿಡಿಸಿದ ಹೆಂಡತಿಗೆ ತುಂಬು ಮನಸ್ಸಿನ ಹರಕೆ. ನಾಲ್ಕು ಜನ ನೋಡಿದರೆ ಏನಂದಾರು ಎಂಬ ಈ ಅಳುಕು ಪವಾಡಕ್ಕಿಂತ ಹೆಚ್ಚು ನಂಬಲರ್ಹ. ಅಲ್ಲಮನ ಉಗುರಿನ ಹಾಗೆ ಇದೂ ಸಣ್ಣದು, ನಿಜವಾದದ್ದು.

ಪುರಂದರರಿಗೂ ಚಾಮರಸನ ಅಲ್ಲಮನ ಗತಿಯೇ ಕಾದಿತ್ತು. ಸಂಪ್ರದಾಯ ಅವರನ್ನು ನಾರದರ ಅವತಾರವೆಂದು ಕರೆಯಿತು. ನಾರದರೇ ಆಗಿದ್ದರೆ ಲೋಭವೂ ಲೀಲೆ, ನಾಚಿಕೆಯೂ ನಟನೆ. ವಿಠ್ಠಲ ದೇವಾಲಯದ ಹತ್ತಿರ ತುಂಗಭದ್ರೆಯ ಅಂಚಿನಲ್ಲಿರುವ ಪುರಂದರ ಮಂಟಪದಲ್ಲಿ ಪುಷ್ಯ ಬಹುಳ ಅಮಾವಾಸ್ಯೆಯಂದು ಆರಾಧನೆ ನಡೆಯುತ್ತದೆ. ಹೊಸಪೇಟೆಯ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಅದೇ ಮಂಟಪ ಮುಳುಗುತ್ತದೆ. ದಾಸರು ತೀರಿಕೊಂಡರೆನ್ನುವ 1564ರ ಮರುವರ್ಷವೇ ರಾಜಧಾನಿ ಹಾಳಾಯಿತು.

ಅನುಭಾವಿಯ ಕಥೆಯಿಂದ ಅವನ ದೌರ್ಬಲ್ಯವನ್ನು ಅಳಿಸುವ ಕೆಲಸವನ್ನು ಶೈವರೂ ಮಾಡಿದರು, ವೈಷ್ಣವರೂ ಮಾಡಿದರು. ಅಲ್ಲಮನ ವಿಷಯದಲ್ಲಿ ಅದರ ಪರಿಣಾಮ ದೂರದವರೆಗೆ ಹೋಯಿತು. 17ನೇ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದದ್ದು ‘ಪ್ರಭುಲಿಂಗಲೀಲೆ’ಯನ್ನೇ. ತಮಿಳರು ಬಲ್ಲ ಅಲ್ಲಮ ಮಾಯೆಯನ್ನು ಗೆದ್ದ ಅಲ್ಲಮ, ಕಮಲತೆಗಾಗಿ ಅತ್ತವನಲ್ಲ.