ಗೆಡ್ಡೆ ಹೋಯಿತು, ದೀಪ ಉಳಿಯಿತು

ಮೊಮ್ಮಗಳ ಶಾಲೆಯಿಂದ ಚೀಟಿ ಬಂದಿತ್ತು. ದೀಪಾವಳಿ ರಜೆಗೆ ಮುಂಚೆ ಹ್ಯಾಲೋವೀನ್ ಅಂತೆ. ಮಕ್ಕಳು ಕುಂಬಳಕಾಯಿ ಕೊರೆದು ತರಬೇಕು, ಹಳೇ ಬಟ್ಟೆಯಲ್ಲೇ ದೆವ್ವದ ವೇಷ ಕಟ್ಟಬೇಕು. ಮಂಡಈಗೆ ಹೋಗಿ ಒಂದು 'ಲಾಲ್ ಭೋಪಳಾ' ತಂದೆ. ಗೊಣಗುತ್ತಲೇ ತಂದೆ ಅನ್ನಿ. ದೆವ್ವವೇ ಬೇಕಿದ್ದರೆ ಪುಣೆಯಲ್ಲಿ ಬರವೇ? 1773ರಲ್ಲಿ ಶನಿವಾರವಾಡೆಯಲ್ಲಿ ಕೊಲೆಯಾದ ಪೇಶ್ವೆ ನಾರಾಯಣರಾವ್ ಅಮಾವಾಸ್ಯೆ ರಾತ್ರಿ 'ಕಾಕಾ, ಕಾಪಾಡಿ' ಎಂದು ಈಗಲೂ ಕೂಗುತ್ತಾನೆಂದು ಇಲ್ಲಿನವರು ಹೇಳುತ್ತಲೇ ಇರುತ್ತಾರೆ!

ಸಂಜೆ ತಿರುಳು ತೆಗೆಯುತ್ತಾ ಕೂತಿದ್ದಾಗ ಅವಳು, "ಅಜ್ಜಾ, ಕುಂಬಳಕಾಯೇ ಯಾಕೆ?" ಅಂದಳು. ಬಿಕಾಂ ಓದಿ ಲೆಡ್ಜರ್ ನೋಡಿಕೊಂಡು ಬಂದವನಿಗೆ ಅದೆಲ್ಲಿ ಗೊತ್ತು? ಹುಡುಕಿ ಓದಿದೆ.

ಮೂಲದಲ್ಲಿ ಇದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಬ್ಬ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆಂಬ ನಂಬಿಕೆ. ನಮ್ಮ ಮಹಾಲಯ ನೆನಪಾಯಿತು. 9ನೇ ಶತಮಾನದ ಹೊತ್ತಿಗೆ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನ ಮಾಡಿತು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಅಲ್ಲಿ ಕೊರೆಯುತ್ತಿದ್ದದ್ದು ಕುಂಬಳಕಾಯಿ ಅಲ್ಲ, ಟರ್ನಿಪ್ ಗೆಡ್ಡೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ಬಿತ್ತು. ಕೆಲವೇ ವರ್ಷಗಳಲ್ಲಿ ಹಸಿವು, ಜ್ವರದಿಂದ ಸತ್ತವರು ಸುಮಾರು 10 ಲಕ್ಷ. ಹಡಗು ಹತ್ತಿ ದೇಶ ಬಿಟ್ಟವರು ಅದಕ್ಕೂ ಹೆಚ್ಚು. ಅಮೆರಿಕದಲ್ಲಿ ಅವರಿಗೆ ದೊಡ್ಡದಾದ, ಕೊರೆಯಲು ಮೆತ್ತಗಿನ ಕುಂಬಳಕಾಯಿ ಸಿಕ್ಕಿತು. ಗೆಡ್ಡೆ ಹೋಯಿತು, ದೀಪ ಉಳಿಯಿತು.

ಇದನ್ನು ಓದಿದ ಮೇಲೆ ನನ್ನ ಗೊಣಗಾಟ ನಿಂತಿತು. ಇದು ನಮ್ಮಂಥವರ, ಊರು ಬಿಟ್ಟು ಬಂದವರ ಹಬ್ಬ ಮಾರಾಯ್ರೆ!

ಇನ್ನು ವೇಷ ಹಾಕಿ ಮನೆಮನೆ ತಿರುಗಿ ಮಿಠಾಯಿ ಕೇಳುವುದು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಬಲಿಪಾಡ್ಯಮಿ ರಾತ್ರಿ ಅಂಟಿಗೆ ಪಂಟಿಗೆಯವರು ಬರುತ್ತಿದ್ದರು. ಗುಡಿಯಲ್ಲಿ ಹಚ್ಚಿದ ದೀಪ ಗಾಳಿಗೆ ಆರದಂತೆ ಹಿಡಿದುಕೊಂಡು, ಗದ್ದೆಯಂಚು, ಕಾಡುದಾರಿ ದಾಟಿ, ಬಾಗಿಲಲ್ಲಿ ನಿಂತು ಹಾಡುತ್ತಿದ್ದರು. ಅಮ್ಮ ಎದ್ದು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ಮನೆ ದೀಪ ಹಚ್ಚಿಕೊಂಡು, ಅಕ್ಕಿ, ದುಡ್ಡು, ಕಡುಬು ಕೊಡುತ್ತಿದ್ದಳು. ತುಂಟತನವೂ ಇತ್ತು: ಹಬ್ಬದ ಹಿಂದಿನ 'ಬೂರೆ' ರಾತ್ರಿ ಪಕ್ಕದವರ ಸೌತೆಕಾಯಿ, ಎಳನೀರು ಕದ್ದರೆ ಯಾರೂ ಬೈಯುವಂತಿರಲಿಲ್ಲ. ಉತ್ತರ ಕರ್ನಾಟಕದವರಿಗೆ ಆಣೀಪೀಣಿ ನೆನಪಾದೀತು.

ನಾನು ವರ್ಗವಾಗಿ ಪುಣೆಗೆ ಬಂದು 27 ವರ್ಷ. ಮಗಳು ಇಲ್ಲಿಯ ಮಕ್ಕಳ ಜೊತೆ ದೀಪಾವಳಿಗೆ ಮಣ್ಣಿನ 'ಕಿಲ್ಲಾ' ಕಟ್ಟಿದಳು, ಸಾಸಿವೆ ಚೆಲ್ಲಿ ಹಸಿರು ಬೆಳೆಸಿದಳು, ಮೇಲೆ ಶಿವಾಜಿಯನ್ನು ಕೂರಿಸಿದಳು. ನಾನೇ ಮಣ್ಣು ಹೊತ್ತುಕೊಟ್ಟಿದ್ದೆ. ಅಂಟಿಗೆ ಪಂಟಿಗೆಯ ಮಾತು ಮಾತ್ರ ಒಂದು ಸಲವೂ ಎತ್ತಲಿಲ್ಲ. ಫ್ಲಾಟಿನಲ್ಲಿ ಅದೆಲ್ಲ ಎಲ್ಲಿ ಅಂದುಕೊಂಡೆ. ಐರಿಷರಿಗೇನು ಅನುಕೂಲ ಹೆಚ್ಚಿತ್ತೇ?

ಕಾಯಿಯೊಳಗೆ ಹಣತೆ ಇಟ್ಟು ಈ ಕಥೆಯೆಲ್ಲ ಹೇಳಿದೆ. ಮೊಮ್ಮಗಳು, "ಹಾಡು ಹೇಳಿಕೊಡು ಅಜ್ಜಾ, ಸ್ಕೂಲಲ್ಲಿ ಹೇಳ್ತೀನಿ" ಅಂದಳು. ಎರಡು ಸಾಲು ಬಂತು, ಮೂರನೆಯದು ಬರಲಿಲ್ಲ. ರಾತ್ರಿ ಒಂಬತ್ತಕ್ಕೆ ಊರಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಬಂದದ್ದು ನಾಲ್ಕು ಸಾಲು.