ಬೀಗದ ಕೈ ಯಾರ ಬಳಿ?

ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ "ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು" ಎಂದು ಬೆಂಗಳೂರಿನವರೂ, "ಧಾರವಾಡಕ್ಕೆ ಕಳಿಸಬೇಕು" ಎಂದು ಉತ್ತರದ ಕಡೆಯವರೂ ನಗೆಯಾಡುವುದುಂಟು. ಎರಡೂ ಊರುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹುಚ್ಚಾಸ್ಪತ್ರೆಗಳು ಹುಟ್ಟಿದ್ದರಿಂದ ಬಂದ ಮಾತು ಇದು. ನಗೆಯ ಅಡಿಯಲ್ಲಿ ಒಂದು ಭಯವೂ ಇದೆ. ಒಳಗೆ ಹೋದವನ ಗತಿ ಏನಾಯಿತೆಂದು ಹೊರಗಿನವರಿಗೆ ತಿಳಿಯುವ ಬಗೆ ಹೇಗೆ? ಅನಾಥಾಲಯವಾಗಲಿ, ವೃದ್ಧಾಶ್ರಮವಾಗಲಿ, ಚಿತ್ತವಿಕಾರದ ಆಸ್ಪತ್ರೆಯಾಗಲಿ, ಗೋಡೆಯೊಳಗೆ ನಡೆಯುವ ಪಾಲನೆಯನ್ನು ಗೋಡೆಯ ಹೊರಗಿನವರು ಅಳೆಯಲು ಕಲಿತ ಕಥೆ ಸಾವಕಾಶವಾಗಿ ನಡೆದದ್ದು.

ಇಂಗ್ಲೆಂಡಿನ ಯಾರ್ಕ್ ನಗರದ ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಹುಚ್ಚಾಸ್ಪತ್ರೆಗೆ 1790ರಲ್ಲಿ ಹನಾ ಮಿಲ್ಸ್ ಎಂಬ ವಿಧವೆ ಸೇರಿದಳು. ನೋಡಲು ಬಂದ ಸ್ನೇಹಿತರನ್ನು ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಅವಳು ತೀರಿಕೊಂಡಳು. ಅವಳು ಸೇರಿದ್ದ ಕ್ವೇಕರ್ ಪಂಥದವರು ಇದರಿಂದ ಕಳವಳಗೊಂಡರು. ಅವರಲ್ಲೊಬ್ಬನಾದ ವಿಲಿಯಂ ಟ್ಯೂಕ್ ಎಂಬ ವರ್ತಕನ ಮುಂದಾಳುತನದಲ್ಲಿ 1796ರಲ್ಲಿ ಸೌಮ್ಯೋಪಚಾರದ ಬೇರೊಂದು ಮನೆ ತೆರೆಯಿತು. ಹಳೆಯ ಆಸ್ಪತ್ರೆಯಾದರೋ ಹಾಗೆಯೇ ನಡೆದಿತ್ತು. 1814ರಲ್ಲಿ ಗಾಡ್‌ಫ್ರಿ ಹಿಗ್ಗಿನ್ಸ್ ಎಂಬ ಮ್ಯಾಜಿಸ್ಟ್ರೇಟ್ ಅದನ್ನು ನೋಡಲು ಹೋದನು. ಎಲ್ಲ ಕೋಣೆಗಳನ್ನೂ ತೋರಿಸಿದ್ದಾಯಿತೆಂದು ಸಿಬ್ಬಂದಿ ಹೇಳಿತು. ಅವನಿಗೆ ಒಂದು ಮುಚ್ಚಿದ ಬಾಗಿಲು ಕಂಡಿತು. ಬೀಗದ ಕೈ ಸಿಕ್ಕುವುದಿಲ್ಲವೆಂದರು. ಸಿಕ್ಕದಿದ್ದರೆ ಬಾಗಿಲು ಮುರಿಸುವುದಾಗಿ ಅವನು ಹಟ ಹಿಡಿದನು. ಕೈ ಸಿಕ್ಕಿತು. ಒಳಗೆ ಎಂಟೆಂಟು ಅಡಿಯ, ಹೊಲಸು ತುಂಬಿದ ನಾಲ್ಕು ಗೂಡುಗಳಿದ್ದವು. ಹಿಂದಿನ ರಾತ್ರಿ ಅಲ್ಲಿ ಮಲಗಿದ್ದವರು ಹದಿಮೂರು ಮಂದಿ ಹೆಂಗಸರು. ಮರುವರ್ಷವೇ ಪಾರ್ಲಿಮೆಂಟಿನ ಸಮಿತಿಯೊಂದು ಇಂಥ ಆಸ್ಪತ್ರೆಗಳ ವಿಚಾರಣೆಗೆ ಕುಳಿತಿತು.

ನಮ್ಮ ಬೆಂಗಳೂರಿನ ಆಸ್ಪತ್ರೆ ಸುಮಾರು 1847ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿ ನಡೆಸಿದ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ದಿನಚರಿಗಳು ಇತಿಹಾಸಕಾರರಿಗೆ ದೊರೆತಿರುವುದು ನಮ್ಮ ಪುಣ್ಯ. ಬರೆದಿಡುವ ವೈದ್ಯನಿರುವ ಕಡೆ ಮುಂದಿನವರಿಗೆ ಅಳೆಯಲು ಏನಾದರೂ ಉಳಿಯುತ್ತದೆ. 1925ರಲ್ಲಿ ಮೈಸೂರು ಸರ್ಕಾರ "ಹುಚ್ಚಾಸ್ಪತ್ರೆ"ಯ ಹೆಸರನ್ನು "ಮಾನಸಿಕ ಆಸ್ಪತ್ರೆ" ಎಂದು ಬದಲಾಯಿಸಿತು. ಬರಿಯ ಹೆಸರಿನಿಂದೇನು ಎನ್ನುವವರಿದ್ದಾರೆ. ಆದರೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಡಾ. ಫ್ರಾಂಕ್ ನೊರೋನಾ ಅವರು ಮುಖ್ಯಸ್ಥರಾಗಿದ್ದಾಗ, ಹೆಸರಿಗೆ ತಕ್ಕ ಕಟ್ಟಡವೂ ಲಕ್ಕಸಂದ್ರದ ವಿಶಾಲವಾದ ಬಯಲಿನಲ್ಲಿ ಎದ್ದಿತು. 1930ರ ದಶಕದ ಕೊನೆಯಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಎಡ್ವರ್ಡ್ ಮೇಪದರ್ ಇಂಡಿಯಾ ಮತ್ತು ಸಿಂಹಳಗಳ ಆಸ್ಪತ್ರೆಗಳನ್ನು ನೋಡಿಕೊಂಡು ಹೋದರು. ಸುಲಭವಾಗಿ ಹೊಗಳುವ ಮನುಷ್ಯರಲ್ಲ. ಆದರೂ ಬೆಂಗಳೂರನ್ನು ಮೆಚ್ಚಿದರು.

ಉಳಿದ ಇಂಡಿಯಾದ ಲೆಕ್ಕ ಹೊರಬಿದ್ದದ್ದು 1946ರಲ್ಲಿ, ಭೋರ್ ಸಮಿತಿಯ ವರದಿಯಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಹಾಸಿಗೆ ಇದ್ದರೆ, ಇಲ್ಲಿ ಸುಮಾರು 40,000 ಜನರಿಗೆ ಒಂದು. ಸಮಿತಿಯ ಪರವಾಗಿ ಆಸ್ಪತ್ರೆಗಳನ್ನು ಸುತ್ತಿದವರು ರಾಂಚಿಯ ಕರ್ನಲ್ ಮೂರ್ ಟೇಲರ್. ಹೆಚ್ಚಿನವು ರೋಗ ವಾಸಿಮಾಡಲೆಂದು ಕಟ್ಟಿದವಲ್ಲ, ಕೂಡಿಹಾಕಲೆಂದು ಕಟ್ಟಿದವು ಎಂಬುದು ಅವರ ತೀರ್ಮಾನವಾಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಸಂಸ್ಥೆ ಆರಂಭವಾದದ್ದು, 1974ರಲ್ಲಿ ಅದೂ ಹಳೆಯ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆದದ್ದು ವಾಚಕರಿಗೆ ಗೊತ್ತೇ ಇದೆ.

ಅಷ್ಟಾಗಿ ಗೊತ್ತಿಲ್ಲದಿರುವುದು ಇದೇ ಸಂಸ್ಥೆ ದೇಶಕ್ಕೆಲ್ಲ ಅಳತೆಗೋಲು ಹಿಡಿದ ಸಂಗತಿ. 1997ರಲ್ಲಿ ಸುಪ್ರೀಂ ಕೋರ್ಟು ರಾಂಚಿ, ಆಗ್ರಾ, ಗ್ವಾಲಿಯರ್ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ದೇಶದ 37 ಸರ್ಕಾರೀ ಮಾನಸಿಕ ಆಸ್ಪತ್ರೆಗಳ ಗುಣಪರೀಕ್ಷೆಯನ್ನು ಆಯೋಗಕ್ಕಾಗಿ ನಡೆಸಿದವರು ನಿಮ್ಹಾನ್ಸಿನ ಪ್ರೊ. ಎಸ್. ಎಂ. ಚನ್ನಬಸವಣ್ಣ ಮತ್ತು ಅವರ ಸಹೋದ್ಯೋಗಿಗಳು. 1999ರ ವರದಿಯನ್ನು ಓದಿದವರಿಗೆ ಟೇಲರರ ಕಾಲ ಇನ್ನೂ ಮುಗಿದಿಲ್ಲವೆನ್ನಿಸಿರಬೇಕು. ನೂರಕ್ಕೆ 38 ಆಸ್ಪತ್ರೆಗಳು ಸೆರೆಮನೆಯ ಆಕಾರದಲ್ಲಿಯೇ ಉಳಿದಿದ್ದವು. ಮಂಚ ಒಂದಾದರೆ ರೋಗಿಗಳು 1.4, ಎಂದರೆ ಎಷ್ಟೋ ಕಡೆ ನೆಲವೇ ಹಾಸಿಗೆ. ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳು ಎಲ್ಲರ ಕಣ್ಣೆದುರಿನಲ್ಲಿ ತೆರೆದ ಚರಂಡಿಯ ಬಳಿ ಕೂರಬೇಕಾಗಿತ್ತು. ಮಾಪನವೆಂದರೆ ಔಷಧಿಯ ಲೆಕ್ಕವಷ್ಟೇ ಅಲ್ಲ, ಚರಂಡಿಯ ಲೆಕ್ಕವೂ ಹೌದು ಎಂಬುದನ್ನು ಈ ಪರೀಕ್ಷಕರು ಮರೆಯಲಿಲ್ಲ.

ಅಮೆರಿಕದ ಅವೆಡಿಸ್ ಡೊನಬೆಡಿಯನ್ 1966ರಲ್ಲಿ ಬರೆದ ಲೇಖನವೊಂದು ವೈದ್ಯಕೀಯ ಸೇವೆಯ ಗುಣವನ್ನು ಮೂರು ಕಡೆಯಿಂದ ನೋಡಿರೆಂದು ಹೇಳಿತು: ಇರುವ ಸಲಕರಣೆ, ನಡೆಯುವ ಕೆಲಸ, ಕೊನೆಗೆ ಆದ ಫಲ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ನೋಡಿ ತೃಪ್ತರಾಗುತ್ತೇವೆ. ಹೊಳೆಯುವ ನೆಲ, ಹೂಕುಂಡ, ನಗುಮುಖದ ಸ್ವಾಗತ! ರಾತ್ರಿ ಎರಡು ಗಂಟೆಗೆ ಮುದುಕರೊಬ್ಬರು ಕೂಗಿದರೆ ಏಳುವವರಾರು ಎಂದು ಕೇಳಲು ನಮಗೆ ಸಂಕೋಚ.

ಯಾರೂ ಹೋಗಿ ನೋಡದ ಕಡೆ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ಎರ್ವಾಡಿಯೇ ಸಾಕ್ಷಿ. 2001ರ ಆಗಸ್ಟ್ 6ರಂದು ದರ್ಗಾದ ಸಮೀಪದ ಖಾಸಗಿ ಗುಡಿಸಲು ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿತು. ಇಂಥ ಪ್ರತಿಯೊಂದು ಸಂಸ್ಥೆಗೂ ನೋಂದಣಿ ಬೇಕೆಂದಿತು. ಮಕ್ಕಳ ಮನೆಗಳಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ನೋಂದಣಿಯೂ ತಪಾಸಣಾ ಸಮಿತಿಯೂ ಉಂಟು.

ವಯಸ್ಸಾದವರ ವಿಷಯ ಬೇರೆ. ಹೆಬ್ಬಾಳದ ಸೇತುವೆ ದಾಟಿ ಯಲಹಂಕದ ಕಡೆ ಹೊರಟರೂ, ಆರ್. ಟಿ. ನಗರ ಯಶವಂತಪುರಗಳ ಅಡ್ಡರಸ್ತೆಗಳಲ್ಲಿ ನಡೆದರೂ, ಹಿರಿಯರ ಪಾಲನೆಯ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಇವು ಬೇಕಾದವೇ, ದೂರುವುದಕ್ಕೆ ಕಾರಣವಿಲ್ಲ. ಆದರೆ 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಕಾಯಿದೆ ಮುಖ್ಯವಾಗಿ ಚಿಂತಿಸಿದ್ದು ಜೀವನಾಂಶವನ್ನು, ಮತ್ತು ಬಡವರಿಗಾಗಿ ಜಿಲ್ಲೆಗೊಂದರಂತೆ 150 ಮಂದಿಗಾಗುವ ಸರ್ಕಾರೀ ವೃದ್ಧಾಶ್ರಮವನ್ನು. ಖಾಸಗಿ ಮನೆಗಳಿಗೂ ನೋಂದಣಿ ಬೇಕು, ಅವುಗಳಿಗೆ ಕನಿಷ್ಠ ಮಟ್ಟವೊಂದಿರಬೇಕು ಎಂದ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತು. ಅದು ಶಾಸನವಾಗುವ ಮೊದಲೇ, 2024ರಲ್ಲಿ, ಆ ಲೋಕಸಭೆಯ ಅವಧಿ ಮುಗಿಯಿತು.